ನಾಗಾವಿ ಭಾಗದ ಶಾಲೆಗಳಿಗೆ ಪ್ರಯೋಗಾಲಯ ಪ್ರವಾಸ: ಎಲ್ಲಿಗೆ ಹೋಗಬೇಕು, ಏನು ನೋಡಬೇಕು?

ಗದಗ: ಶಾಲಾ ಪ್ರವಾಸ ಅಂದ್ರೆ ಹಂಪಿ, ಬಾದಾಮಿ ಅಷ್ಟೇ ಅಲ್ಲ. ಮಕ್ಕಳ ಮನೆಯ ಹೊಲಕ್ಕೇ ಉಪಯೋಗವಾಗುವ ವಿಜ್ಞಾನ ಒಂದೇ ದಿನದಲ್ಲಿ ನೋಡಿ ಬರುವಷ್ಟು ಹತ್ತಿರದಲ್ಲಿದೆ. ನಾಗಾವಿ ಸುತ್ತಲಿನ ಶಾಲೆಗಳಿಗೆ ಅನುಕೂಲವಾಗುವ ಮಾಹಿತಿ ಇಲ್ಲಿದೆ.

ಹುಲಕೋಟಿ: ಗದಗ–ಹುಬ್ಬಳ್ಳಿ ರಸ್ತೆಯಲ್ಲಿರುವ ಇಲ್ಲಿನ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರಿನ ಪರೀಕ್ಷೆ ನಡೆಯುತ್ತದೆ. ಕಪ್ಪತಗುಡ್ಡದ ಬುಡದ ಊರುಗಳಲ್ಲಿ ಎರಿ ಹೊಲವೂ ಉಂಟು, ಮಸಾರಿಯೂ ಉಂಟು. ಎರಡರ ಮಣ್ಣನ್ನೂ ಮಕ್ಕಳೇ ಒಯ್ದರೆ ಪಾಠ ತಲೆಗೆ ಹತ್ತುತ್ತದೆ.

ಮಣ್ಣು ತೆಗೆಯುವುದು ಹೀಗೆ: ಸುಗ್ಗಿ ಮುಗಿದ ಮೇಲೆ, ಗೊಬ್ಬರ ಹಾಕುವ ಮೊದಲು, ಹೊಲದ ಹತ್ತು ಕಡೆ 15 ಸೆಂ.ಮೀ. ಆಳಕ್ಕೆ 'ವಿ' ಆಕಾರದ ಕುಣಿ ತೋಡಿ ಅದರ ಬದಿಯ ಮಣ್ಣು ಕೆರೆದುಕೊಳ್ಳಬೇಕು. ಬದು, ಗಿಡದ ನೆರಳು, ತಿಪ್ಪೆಯ ಜಾಗ ಬೇಡ. ಎಲ್ಲವನ್ನೂ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆಯುತ್ತ ಹೋಗಿ ಅರ್ಧ ಕೆ.ಜಿ. ಉಳಿಸಿ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ಹಾಕಿ. ಗೊಬ್ಬರದ ಖಾಲಿ ಚೀಲ ಬಳಸಿದರೆ ಫಲಿತಾಂಶವೇ ಕೆಡುತ್ತದೆ.

ಲ್ಯಾಬ್‌ನಲ್ಲಿ ಕೇಳಿ ನೋಡಬೇಕಾದದ್ದು: ಮಣ್ಣಿನ ರಸಸಾರ, ಅಂದರೆ ಪಿಎಚ್, 6.5ರಿಂದ 7.5 ಇದ್ದರೆ ತಟಸ್ಥ. ಎರಿ ಮಣ್ಣು ಸಾಮಾನ್ಯವಾಗಿ ಇದಕ್ಕಿಂತ ಮೇಲೆ, ಕ್ಷಾರದ ಕಡೆ ಇರುತ್ತದೆ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಬಂದರೆ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ಪೊಟ್ಯಾಷ್ ಅಳೆಯಲು ಮಣ್ಣಿನ ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿ ಅದರ ಬೆಳಕನ್ನು ಅಳೆಯುತ್ತಾರೆ. ರಂಜಕ ಹೆಚ್ಚಿದ್ದಷ್ಟೂ ದ್ರಾವಣದ ನೀಲಿ ಬಣ್ಣ ಗಾಢವಾಗುತ್ತದೆ.

ಇದರಲ್ಲಿ ಮನೆಯ ರೊಕ್ಕದ ಲೆಕ್ಕವೂ ಐತಿ. ಡಿಎಪಿಯಲ್ಲಿ ಶೇ. 18 ಸಾರಜನಕ, ಶೇ. 46 ರಂಜಕ ಇದೆ; ಪೊಟ್ಯಾಷ್ ಇಲ್ಲವೇ ಇಲ್ಲ. ಹೊಲದಾಗ ರಂಜಕ ಮೊದಲೇ ಸಾಕಷ್ಟಿದ್ದು, ವರ್ಷಾ ಅದೇ ಚೀಲ ಸುರುವಿದರೆ ಸಾಲ ಅಷ್ಟೇ ಬೆಳೀತದ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಅದನ್ನು ಅಪ್ಪನಿಗೆ ಓದಿ ಹೇಳುವ ಮಗ, ಮಗಳು ಮನೆಯಲ್ಲಿದ್ದರೆ ಗೊಬ್ಬರದ ಅಂಗಡಿಯಲ್ಲಿ ಕೇಳುವ ಮಾತೇ ಬೇರೆಯಾಗುತ್ತದೆ.

ಧಾರವಾಡ: ಗದಗದಿಂದ ಸುಮಾರು 80 ಕಿ.ಮೀ. ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲೇ, 1972ರಲ್ಲಿ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿ ಅವರು ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ 'ವರಲಕ್ಷ್ಮೀ' ಹೈಬ್ರಿಡ್ ತಂದರು. ಡಿಸಿಎಚ್-32 ಬಂದದ್ದೂ ಧಾರವಾಡದಿಂದಲೇ. ಹತ್ತಿ ಪೇಟೆಯ ಜಿಲ್ಲೆಯ ಮಕ್ಕಳು ಇದನ್ನು ತಿಳಿಯಲೇಬೇಕು. ಸಮಯ ಉಳಿದರೆ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವೂ ಇದೆ.

ಹೊರಡುವ ಮುನ್ನ:
* ಮುಖ್ಯೋಪಾಧ್ಯಾಯರ ಸಹಿ ಇರುವ ಪತ್ರವನ್ನು ಮೊದಲೇ ಕೇಂದ್ರಕ್ಕೆ ಕಳಿಸಿ, ದಿನ ಗೊತ್ತು ಮಾಡಿಕೊಳ್ಳಿ.
* ಪಾಲಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ ಪಡೆಯಿರಿ.
* ಸಾರಿಗೆ ಸಂಸ್ಥೆಯ ಬಸ್ಸು ಬಾಡಿಗೆಗೆ ಸಿಗುತ್ತದೆ. ಖರ್ಚು ಉಳಿಸಲು ಗೂಡ್ಸ್ ಗಾಡಿಯಲ್ಲಿ ಮಕ್ಕಳನ್ನು ತುಂಬುವುದು ಬ್ಯಾಡ. ಅದು ಕಾನೂನಿಗೂ ವಿರುದ್ಧ.
* ಲ್ಯಾಬ್‌ನಲ್ಲಿ ಆಮ್ಲಗಳಿರುತ್ತವೆ. ಹೇಳದೆ ಯಾವುದನ್ನೂ ಮುಟ್ಟಬಾರದು. ಒಳಗೆ ಸಣ್ಣ ಗುಂಪಾಗಿ ಹೋಗುವುದು ಒಳ್ಳೆಯದು.
* ವರದಿ ಬಂದ ಮೇಲೆ ಶಾಲೆಯ ಫೈಲಿಗೆ ಸೇರಿಸಿ ಬಿಡಬೇಡಿ. ಯಾರ ಹೊಲದ್ದೋ ಅವರ ಮನೆಗೆ ಮುಟ್ಟಿಸಿ.