ಕುಲುಮೆಯ ಮುಂದೆ ಕಳೆದುಹೋದ ಪಂದ್ಯ

ಹುಬ್ಬಳ್ಳಿಯಿಂದ ನರಗುಂದ, ಕೊಣ್ಣೂರುಗಳ ಮೇಲೆ ವಿಜಯಪುರಕ್ಕೆ ಹೋಗುವ ಹೆದ್ದಾರಿಯನ್ನು ನೀವು ಬಲ್ಲಿರಿ. ಸೈಕಲ್ಲಿನ ಮೇಲೆ ಒಂದೇ ಸಲಕ್ಕೆ ಆ ದಾರಿಯನ್ನು ತುಳಿದು ಹೋಗಿ ಮರಳಿ ಬಂದರೆ ಹೆಚ್ಚುಕಡಿಮೆ 400 ಕಿಲೋಮೀಟರು. 1903ರ ಜುಲೈ 1ರಂದು ಫ್ರಾನ್ಸಿನಲ್ಲಿ ಮೊದಲಾದ 'ಟೂರ್ ದ ಫ್ರಾನ್ಸ್' ಪಂದ್ಯದ ಒಂದೊಂದು ಹಂತವೂ ಸರಾಸರಿ ಅಷ್ಟು ಉದ್ದವಾಗಿತ್ತು. ಹಂತಗಳು ಆರು, ಒಟ್ಟು ದೂರ 2,428 ಕಿಲೋಮೀಟರು. ಹೊರಟವರು 60 ಜನ. ಕೊನೆ ಮುಟ್ಟಿದವರು 21. ಗೆದ್ದ ಮೋರಿಸ್ ಗಾರೆನ್ ಚಿಕ್ಕಂದಿನಲ್ಲಿ ಮನೆಗಳ ಹೊಗೆಗೂಡು ಗುಡಿಸಿ ಹೊಟ್ಟೆ ಹೊರೆದವನು.

ಈ ಪಂದ್ಯವು ಬರಿಯ ಕ್ರೀಡಾಪ್ರೇಮದಿಂದ ಹುಟ್ಟಿದ್ದಲ್ಲ. 'ಲೋತೋ' ಎಂಬ ಪತ್ರಿಕೆಯು ತನ್ನ ಎದುರಾಳಿ ಪತ್ರಿಕೆಯನ್ನು ಹಿಂದೆ ಹಾಕಲು ಹೂಡಿದ ಉಪಾಯವಿದು. ಅದರ ಸಂಪಾದಕ ಆಂರಿ ದೆಗ್ರಾಂಜ್ ನಿಯಮದ ವಿಷಯದಲ್ಲಿ ಬಲು ಬಿಗಿ. ಸೈಕಲ್ಲು ಕೆಟ್ಟರೆ ಸವಾರನು ಪರರ ಕೈ ಸೋಕದಂತೆ ತಾನೇ ಸರಿಪಡಿಸಿಕೊಳ್ಳತಕ್ಕದ್ದು ಎಂಬುದು ಆ ನಿಯಮಗಳಲ್ಲೊಂದು.

ಅದರ ಬೆಲೆ ಎಷ್ಟೆಂಬುದನ್ನು 1913ರಲ್ಲಿ ಯೂಜೆನ್ ಕ್ರಿಸ್ತೋಫ್ ಕಂಡನು. ಮುಂಚೂಣಿಯಲ್ಲಿದ್ದ ಅವನು ಪಿರನೀಸ್ ಪರ್ವತದ ತೂರ್ಮಾಲೆ ಘಟ್ಟವನ್ನು ಇಳಿಯುವಾಗ ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಮುರಿಯಿತು. ಸೈಕಲ್ಲನ್ನು ಹೊತ್ತು ಮೈಲುಗಟ್ಟಲೆ ನಡೆದು ಸೇಂತ್ ಮಾರಿ ದ ಕಾಂಪಾನ್ ಎಂಬ ಹಳ್ಳಿಯ ಕಮ್ಮಾರಸಾಲೆಯನ್ನು ಸೇರಿದನು. ಬೀಗದ ಕೆಲಸ ಕಲಿತಿದ್ದ ಅವನಿಗೆ ಕಬ್ಬಿಣ ಹೊಸದಲ್ಲ. ಕಮ್ಮಾರನು ಬಾಯಿಮಾತಿನಲ್ಲಿ ಹೇಳುತ್ತ ನಿಂತನು. ಇವನು ಕಾಸಿದನು, ಬಡಿದನು, ಬೆಸೆದನು. ಪಂದ್ಯದ ಅಧಿಕಾರಿಗಳು ಪಕ್ಕದಲ್ಲೇ ಕಾವಲು. ಕಾಸುವಾಗ ಎರಡೂ ಕೈ ಸಾಲದೆ ಒಬ್ಬ ಹುಡುಗನು ತಿದಿಯೊತ್ತಿದನು. ಅದಕ್ಕೆ 10 ನಿಮಿಷ ದಂಡ! ಬಳಿಕ ಅದನ್ನು 3 ನಿಮಿಷಕ್ಕೆ ಇಳಿಸಿದರಂತೆ. ಆದರೇನು, ಗಂಟೆಗಟ್ಟಲೆ ಹೊತ್ತು ಅದಾಗಲೇ ಕಳೆದುಹೋಗಿತ್ತು. ಆ ವರ್ಷ ಗೆದ್ದವನು ಬೆಲ್ಜಿಯಮ್ಮಿನ ಫಿಲಿಪ್ ತೀಸ್. ಕ್ರಿಸ್ತೋಫನಿಗೆ ಏಳನೆಯ ಸ್ಥಾನ.

ನಮ್ಮ ಊರುಗಳಲ್ಲಿ ಕುಲುಮೆಯ ಮುಂದೆ ನಿಂತ ಹುಡುಗನು ತಿದಿಯೊತ್ತುವುದನ್ನು ಸಹಾಯವೆಂದು ಯಾರೂ ಲೆಕ್ಕಕ್ಕೆ ಹಿಡಿಯರು. ಆದರೆ ಸಿರಿವಂತ ಕಂಪನಿಯ ಸವಾರನಿಗೂ ಒಂಟಿ ಸವಾರನಿಗೂ ಒಂದೇ ಅಳತೆಯಿರಲೆಂಬುದು ಆ ನಿಯಮದ ಸಮರ್ಥನೆ. ನ್ಯಾಯ ಯಾವ ಕಡೆಗಿತ್ತೆಂಬುದನ್ನು ನೀವೇ ತೂಗಿ ನೋಡಿ. ಕಾಲವಂತೂ ಉತ್ತರ ಕೊಟ್ಟಿದೆ: ಇಂದು ಸೈಕಲ್ಲು ಕೆಟ್ಟರೆ ಹಿಂದಿನ ಕಾರಿನಿಂದ ಹೊಸದು ಇಳಿಯುತ್ತದೆ.

1919ರಲ್ಲಿ ಮುಂದಾಳು ಸವಾರನಿಗೆ ಹಳದಿ ಅಂಗಿ ತೊಡಿಸುವ ಪದ್ಧತಿ ಬಂದಾಗ, ಅದನ್ನು ಮೊದಲು ತೊಟ್ಟವನು ಇದೇ ಕ್ರಿಸ್ತೋಫ್. ಆ ವರ್ಷವೂ ಗೆಲುವಿನ ಹೊಸ್ತಿಲಲ್ಲಿ ಅವನ ಫೋರ್ಕು ಮುರಿಯಿತು. ಟೂರನ್ನು ಅವನು ಎಂದೂ ಗೆಲ್ಲಲಿಲ್ಲ. ಆದರೂ 1951ರಲ್ಲಿ ಆ ಹಳ್ಳಿಯ ಕಮ್ಮಾರಸಾಲೆಯ ಗೋಡೆಗೆ ಅವನ ಹೆಸರಿನ ಫಲಕವನ್ನು ಹಾಕಿದರು.