ಆರು ವರ್ಷದ ಮಹಾರಾಯ: ತುಳುವ ತಿರುಮಲನ ಪಟ್ಟದ ಕುರಿತು

ಪುತ್ತೂರು, ಸುಳ್ಯ, ಕಡಬದ ಕಡೆಯವರು ವಿಜಯನಗರದ ತುಳುವ ಮನೆತನದ ಚರಿತ್ರೆ ಓದುವಾಗ ಒಂದು ಕಡೆ ತಡೆದು ನಿಲ್ಲಬೇಕಾಗುತ್ತದೆ. ತುಳುನಾಡಿನ ಬಂಗ, ಚೌಟ, ಅಜಿಲ ಅರಸರಲ್ಲಿ ಅಳಿಯಸಂತಾನದ ಕಟ್ಟು. ಉಳ್ಳಾಲದ ಅಬ್ಬಕ್ಕ ಗದ್ದುಗೆ ಏರಿದ್ದು ಸೋದರಮಾವನ ಬಳಿಕ. ತುಳುವನೆಂದೇ ಕರೆಸಿಕೊಂಡ ಕೃಷ್ಣದೇವರಾಯನಾದರೋ ಪಟ್ಟ ಕಟ್ಟಿದ್ದು ಮಗನಿಗೆ, ಅದೂ ತಾನು ಬದುಕಿರುವಾಗಲೇ.

ಮಗನ ಹೆಸರು ತಿರುಮಲ, ತಾಯಿ ತಿರುಮಲದೇವಿ. 1524ರ ಕೆಲವು ಶಾಸನಗಳು ಈ ಬಾಲಕನನ್ನು ‘ಮಹಾರಾಯ’ ಎಂದೇ ಕರೆಯುತ್ತವೆ. ಆಗ ಅವನಿಗೆ ಆರು ವರ್ಷ ಎನ್ನುತ್ತಾನೆ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ಅವನ ಪ್ರಕಾರ ರಾಯ ತಾನೇ ಮಗನ ಮಂತ್ರಿಯಾದ, ಅದುವರೆಗೆ ಮಂತ್ರಿಯಾಗಿದ್ದ ಸಾಳುವ ತಿಮ್ಮರಸು ಸಲಹೆಗಾರನಾದ. ಎಂಟು ತಿಂಗಳು ಉತ್ಸವ ನಡೆಯಿತು. ಅದರ ನಡುವೆಯೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ.

ಇಷ್ಟು ಎಳೆಯ ವಯಸ್ಸಿಗೆ ಪಟ್ಟವೇಕೆ? ಉತ್ತರ ಮನೆಯೊಳಗೇ ಇದೆ. ನರಸನಾಯಕನ ಬಳಿಕ ವೀರನರಸಿಂಹ, ಅವನ ಬಳಿಕ ಮಲತಮ್ಮ ಕೃಷ್ಣದೇವರಾಯ: ರಾಜ್ಯ ಅಣ್ಣನಿಂದ ತಮ್ಮನಿಗೆ ಹೋಗಿತ್ತು. ಮುಂದಿನ ಸರದಿಯ ತಮ್ಮಂದಿರನ್ನು ರಾಯ ಚಂದ್ರಗಿರಿ ಕೋಟೆಯಲ್ಲಿ ಇರಿಸಿದ್ದ. ಮಗುವಿನ ಪಟ್ಟಾಭಿಷೇಕವನ್ನು ವಾತ್ಸಲ್ಯವೆಂದು ಓದುವುದಕ್ಕಿಂತ, ಆ ತಮ್ಮಂದಿರ ದಾರಿಗೆ ಹಾಕಿದ ಅಗುಳಿ ಎಂದು ಓದುವುದೇ ನನಗೆ ಸರಿ ಕಾಣುತ್ತದೆ.

ಹುಡುಗ ಸತ್ತದ್ದು ವಿಷದಿಂದ ಎಂಬ ಮಾತೂ ಇದೆ, ಅದಕ್ಕೆ ಬರೋಣ. ತಿಮ್ಮರಸನ ಮಗ ವಿಷವಿಕ್ಕಿದನೆಂದು ನಂಬಿದ ರಾಯ ತಂದೆ ಮಕ್ಕಳನ್ನು ಸೆರೆಗೆ ಹಾಕಿ, ಕೊನೆಗೆ ಕಣ್ಣು ಕೀಳಿಸಿದನೆಂದು ನ್ಯೂನಿಜ್ ಬರೆಯುತ್ತಾನೆ. ಇದೇ ನ್ಯೂನಿಜ್ ಇನ್ನೊಂದು ಕಥೆಯನ್ನೂ ಹೇಳುತ್ತಾನೆ. ಸಾಯುವ ಮುನ್ನ ವೀರನರಸಿಂಹ ತನ್ನ ಎಂಟು ವರ್ಷದ ಮಗನಿಗೆ ಪಟ್ಟ ಕಟ್ಟಲು, ಕೃಷ್ಣದೇವರಾಯನ ಕಣ್ಣು ಕೀಳಿಸಲು ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ತಿಮ್ಮರಸು ಆಡಿನ ಕಣ್ಣು ತಂದು ತೋರಿಸಿ ರಾಯನನ್ನು ಉಳಿಸಿದನಂತೆ. ಎರಡೂ ಕಡೆ ಎಳೆಯ ವಾರಸುದಾರ, ಎರಡೂ ಕಡೆ ಕಣ್ಣು, ಎರಡೂ ಕಡೆ ಅದೇ ಮಂತ್ರಿ. ಘಟನೆಗಳು ಇಷ್ಟು ಅಚ್ಚುಕಟ್ಟಾಗಿ ಜೋಡಿಯಾಗುವುದು ಅಪರೂಪ. ಬಾಯಿಂದ ಬಾಯಿಗೆ ಹೋಗುವ ಕಥೆಗಳು ಹಾಗೆ ಜೋಡಿಯಾಗುತ್ತವೆ. ನ್ಯೂನಿಜ್ ಬರೆದದ್ದು 1535ರ ಆಸುಪಾಸಿನಲ್ಲಿ, ಅಂದರೆ ಹುಡುಗ ತೀರಿಕೊಂಡ ಸುಮಾರು ಹತ್ತು ವರ್ಷಕ್ಕೆ, ರಾಜಧಾನಿಯಲ್ಲಿ ಕೇಳಿದ ಮಾತುಗಳಿಂದ. ಹಾಗಾಗಿ ಪಟ್ಟಕ್ಕೆ ಶಾಸನದ ಬಲವಿದೆ, ವಿಷಕ್ಕೆ ವದಂತಿಯದು ಮಾತ್ರ. ಪಠ್ಯಗಳಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ತಿಮ್ಮರಸನಿಗೂ ಆ ಮಗುವಿಗೂ ಮಾಡುವ ಅನ್ಯಾಯ.

1529ರಲ್ಲಿ ರಾಯ ತೀರಿಕೊಂಡಾಗ ಅವನಿಗೆ ಒಂದೂವರೆ ವರ್ಷದ ಇನ್ನೊಬ್ಬ ಮಗನಿದ್ದನೆಂದೂ ನ್ಯೂನಿಜ್ ದಾಖಲಿಸಿದ್ದಾನೆ. ಆ ಸಲ ಪಟ್ಟವಾದದ್ದು ಚಂದ್ರಗಿರಿಯಿಂದ ಬಂದ ತಮ್ಮ ಅಚ್ಯುತರಾಯನಿಗೆ.