ಪಾಪರ್ ಆಗೋಕೂ ಆಸ್ತಿ ಬೇಕು

ಒಂದು ರಾತ್ರಿ ಚಿಕ್ಕಪ್ಪ ಬಂದು ಜಗಲಿ ಮೇಲೆ ಕೂತ. ಎಲೆಅಡಿಕೆ ಹಾಕ್ಕೊಂಡ, ಉಗುಳಿದ, ಆಮೇಲೆ ಕೇಳಿದ: "ಓದ್ದೋನು ನೀನೊಬ್ನೇ ಕಣ್ಮಗ ನಮ್ಮನೇಲಿ. ಹೇಳು, ಪಾಪರ್ ಹಾಕ್ಬಿಡ್ಲಾ?" ಕೊರೆಸಿದ ಬೋರಿನಲ್ಲಿ ನೀರು ಬರಲಿಲ್ಲ, ಸಾಲ ಮಾತ್ರ ಬಂತು. ನಾನು ಓದಿದ್ದು ಕನ್ನಡ ಬಿ.ಎ. ಆದರೂ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಹುಡುಕುತ್ತಾ ಹೋದೆ.

ಪಾಪರ್ ಅಂದರೆ ಇಂಗ್ಲಿಷಿನಲ್ಲಿ ನಿರ್ಗತಿಕ, ಅಷ್ಟೆ. ಸ್ಟಾಂಪಿಗೆ ದುಡ್ಡಿಲ್ಲದವನು ದಾವೆ ಹೂಡಲು ಕೋರ್ಟು ಕೊಟ್ಟಿದ್ದ ಹೆಸರು. 1976ರ ತಿದ್ದುಪಡಿಯಲ್ಲಿ ಕೋರ್ಟು ಆ ಪದ ಬಿಟ್ಟಿತು, ನಮ್ಮೂರು ಬಿಡಲಿಲ್ಲ. ನಮ್ಮಲ್ಲಿ ದಿವಾಳಿ ಎದ್ದವನೂ ಪಾಪರ್ರೇ.

ಆದರೆ ದಿವಾಳಿ ಕಾನೂನು ಹುಟ್ಟಿದ್ದು ನಿರ್ಗತಿಕನಿಗಾಗಿ ಅಲ್ಲ, ವ್ಯಾಪಾರಿಗಾಗಿ. ಇಂಗ್ಲೆಂಡಿನಲ್ಲಿ 1861ರವರೆಗೂ 'ಬ್ಯಾಂಕ್ರಪ್ಟ್' ಆಗುವ ಅವಕಾಶ ವ್ಯಾಪಾರಸ್ಥರಿಗಷ್ಟೇ. ಇಲ್ಲಿಯೂ ಮೊದಲು ಕಲ್ಕತ್ತ, ಮದರಾಸು, ಬೊಂಬಾಯಿ ಪಟ್ಟಣಗಳಿಗೆ 1848ರ ಕಾನೂನು ಬಂತು. ಹಳ್ಳಿಗಾಡಿನ ಕಡೆ ತಿರುಗಿ ನೋಡುವಷ್ಟರಲ್ಲಿ 1907, ಆಮೇಲೆ 1920.

ನಡುವೆ 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿದರು. ಹುಡುಕಿದ್ದು ಸಾಲದ ಪತ್ರಗಳನ್ನು. ಬೀದಿಗೆ ಎಳೆದು ಸುಟ್ಟರು. 1879ರಲ್ಲಿ ಸರ್ಕಾರ ದಖ್ಖನ್ ರೈತರ ಕಾಯಿದೆ ತಂದು, ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದನ್ನು ನಿಲ್ಲಿಸಿತು. ಕಾಗದ ಸುಟ್ಟ ಮೇಲೆ ಕಾನೂನು.

ನಮ್ಮ ತಾತನಿಗೆ ಸುಡಲು ಕಾಗದವೂ ಇರಲಿಲ್ಲ. ಮದುವೆಗೆ ತಂದ ಸಾಲದ ಲೆಕ್ಕ ಗೌಡನ ಬಾಯಲ್ಲಿತ್ತು, ತೀರಿಸಿದ್ದು ತಾತನ ಮೈ. ದಿವಾಳಿ ಅರ್ಜಿಯಲ್ಲಿ ಯಾರಿಗೆ ಎಷ್ಟು ಕೊಡಬೇಕು, ಆಸ್ತಿ ಏನಿದೆ ಅಂತ ಬರೀಬೇಕು. ಜೀತದವನು ಏನು ಬರೀತಾನೆ, ತನ್ನ ಎರಡು ಕೈಗಳನ್ನೇ? ಆ ಸಾಲ ಸತ್ತಿದ್ದು ದಿವಾಳಿ ಕಾನೂನಿನಿಂದಲ್ಲ. ಜೀತ ರದ್ದತಿ ಕಾಯಿದೆ 1975ರ ಅಕ್ಟೋಬರ್ 25ರಿಂದ ಜೀತಸಾಲವನ್ನೇ ಅಳಿಸಿತು. 1976ರಲ್ಲಿ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯಿದೆ ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ ಸಾಲ ತೊಡೆಯಿತು. ಅಲ್ಲಿ ಯಾರೂ 'ನಾನು ಪಾಪರ್' ಅಂತ ಕೋರ್ಟಿನಲ್ಲಿ ಕೂಗಬೇಕಿರಲಿಲ್ಲ. ಊರಲ್ಲಿ ಎಷ್ಟು ಜನ ಗೌಡರು ಅದನ್ನು ಒಪ್ಪಿದರು ಅನ್ನೋದು ಬೇರೆ ಮಾತು.

ಚಿಕ್ಕಪ್ಪನಿಗೆ ಉಳಿದಿರುವುದು 1920ರದ್ದೇ. ಐನೂರು ರೂಪಾಯಿ ಸಾಲವಿದ್ದರೆ ಸಾಕು, ಅರ್ಜಿ ಹಾಕಬಹುದು. ಕೋರ್ಟು ದಿವಾಳಿ ಎಂದು ಸಾರಿದರೆ ಆಸ್ತಿ ರಿಸೀವರ್ ಕೈಗೆ. ಅಡುಗೆ ಪಾತ್ರೆ, ಹಾಸಿಗೆ, ನೇಗಿಲು, ಉಳುವ ದನ, ಬಿತ್ತನೆ ಬೀಜ, ರೈತ ವಾಸವಿರುವ ಮನೆ ಮುಟ್ಟುವಂತಿಲ್ಲ. ಕೋರ್ಟಿನ ಅಪ್ಪಣೆಯಿಲ್ಲದೆ ಸಾಲ ಕೊಟ್ಟವರು ದಾವೆ ಹೂಡುವಂತಿಲ್ಲ. ಇಷ್ಟು ಕೇಳಿ ಚಿಕ್ಕಪ್ಪನ ಮುಖ ಅರಳಿತು.

ಆದರೆ ಅಡವಿಟ್ಟ ಒಡವೆ ಅಡವಿನವನದ್ದೇ ಹಿಡಿತ. ಸರ್ಕಾರದ ಬಾಕಿ ಋಣಮುಕ್ತಿ ಸಿಕ್ಕರೂ ಹೋಗಲ್ಲ. ಆ ಋಣಮುಕ್ತಿಗೂ ಒಂದು ಗೇಟು: ಆಸ್ತಿಯಿಂದ ರೂಪಾಯಿಗೆ ಎಂಟಾಣೆಯಾದರೂ ಹುಟ್ಟಬೇಕು, ಇಲ್ಲವೇ ಅದು ನನ್ನ ತಪ್ಪಲ್ಲ ಎಂದು ರುಜುವಾತು ಮಾಡಬೇಕು. ಮಳೆ ಬರಲಿಲ್ಲ ಅನ್ನೋದಕ್ಕೆ ಸಾಕ್ಷಿ ಯಾರನ್ನು ಕರೆಯೋದು?

ಕಡುಬಡವರಿಗೆ ಅಂತಲೇ 2016ರ ದಿವಾಳಿ ಸಂಹಿತೆಯಲ್ಲಿ ಒಂದು ಅಧ್ಯಾಯ ಬರೆದರು. ವರ್ಷದ ಆದಾಯ 60,000 ಮೀರಬಾರದು, ಆಸ್ತಿ 20,000, ಸಾಲ 35,000, ಸ್ವಂತ ಮನೆ ಇರಬಾರದು. ಅಂಥವನ ಸಾಲ ಮನ್ನಾ ಆಗಿ ಹೊಸದಾಗಿ ಬದುಕು ಶುರು. ಓದಿ ಖುಷಿಯಾಯ್ತು. ಆಮೇಲೆ ನೋಡಿದರೆ, ವ್ಯಕ್ತಿಗಳ ಆ ಭಾಗದಲ್ಲಿ 2019ರ ಡಿಸೆಂಬರ್ 1ರಂದು ಜಾರಿಗೆ ತಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಸಂಬಂಧಿಸಿದ್ದನ್ನು ಮಾತ್ರ. ಬಡವನ ಅಧ್ಯಾಯ ಪುಸ್ತಕದಲ್ಲೇ ಮಲಗಿತು.

ಇದೆಲ್ಲ ಹೇಳಿದೆ. ಹೆಸರು ಗೆಜೆಟ್ಟಿನಲ್ಲಿ ಬರುತ್ತೆ ಅಂತಲೂ ಹೇಳಿದೆ. "ಬರ್ಲಿ ಬಿಡು, ನಮ್ಮೆಸ್ರು ಎಲ್ಲಿ ಬಂದೈತೆ" ಅಂದ. ದಿವಾಳಿಯಾದವನು ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗೋ ಹಾಗಿಲ್ಲ ಅಂದಾಗ ಮಾತ್ರ ಎಲೆಅಡಿಕೆ ಅಗಿಯುವುದು ನಿಂತಿತು. ನಮ್ಮ ಕೇರಿಯ ಪಂಚಾಯ್ತಿ ಸೀಟು ಮೀಸಲಾದರೆ ನಿಲ್ಲಬೇಕು ಅಂತ ಅವನ ಎದೆಯಲ್ಲಿತ್ತು. ಆ ಗೌಡನ ಮೊಮ್ಮಗನ ಎದುರು ಕುರ್ಚಿ ಮೇಲೆ ಕೂರೋ ಆಸೆ.

"ಅರ್ಜಿ ಬರ್ದಿಟ್ಟಿರು. ಸೀಟಿಂದು ಗೊತ್ತಾಗ್ಲಿ" ಅಂದ. ಬರೆದಿಟ್ಟಿದ್ದೇನೆ. ತಾರೀಕು ಹಾಕಿಲ್ಲ.